ಟಿಟ್ಟಿಭದ ನಾಲ್ಕು ಮೊಟ್ಟೆ

ಮೊಟ್ಟೆಗಳಿಲ್ಲ!

ರಾಮಪ್ರಸಾದ ಸೈಕಲ್ ಒರಗಿಸಿ ಮಂಡಿಯೂರಿದ. ಹಿಂದಿನ ಭಾನುವಾರ ಇದೇ ಹರಳುಕಲ್ಲಿನ ಗುಳಿಯಲ್ಲಿ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆಗಳಿದ್ದವು. ಈಗ ಚೂರು ಚಿಪ್ಪೂ ಇಲ್ಲ. ತಲೆಯ ಮೇಲೆ ಗಂಡು ಹೆಣ್ಣು ಎರಡೂ ಕಿರುಚುತ್ತ ಎರಗುತ್ತಿದ್ದವು.

ಅದು ಐವತ್ತೆಂಟರ ಬೇಸಿಗೆ. ಜಯನಗರ ದಾಟಿದರೆ ಜರಗನಹಳ್ಳಿಯವರೆಗೆ ಬರೀ ಬಯಲು, ಅಲ್ಲಲ್ಲಿ ಸೈಟುಗಲ್ಲು. ಈಗ ಅಲ್ಲಿ ಮಹಡಿಮನೆಗಳ ಸಾಲು ಬಿಡಿ. ಹಕ್ಕಿಗೂಡು ನೋಡುವ ಹುಚ್ಚು ಹತ್ತಿದ್ದವರು ಮೂವರೇ: ಗುಮಾಸ್ತ ರಾಮಪ್ರಸಾದ, ಅವನ ಬಾಲ್ಯದ ಗೆಳೆಯ ಗಂಗಾಧರಯ್ಯ, ವಿಜ್ಞಾನದ ಟೀಚರ್ ಚೂಡಾಮಣಿ. ಮೂವರಿಗೂ ಸೇರಿ ಒಂದೇ ಬೈನಾಕ್ಯುಲರ್, ಅದೂ ಗಂಗಾಧರಯ್ಯನದು. ಎಂಥ ಸುಖದ ಭಾನುವಾರಗಳು ಅವು!

"ಗಂಗಾ, ನಿನ್ನ ಹಳೇ ಬಿಸ್ಕತ್ ಡಬ್ಬಿ ಖಾಲಿ ಇದೆಯೇನೋ?" ರಾಮಪ್ರಸಾದ ಹಿಂದೆ ನಿಂತಿದ್ದ ಗೆಳೆಯನತ್ತ ತಿರುಗಿ ಕೇಳಿದ.

ಗಂಗಾಧರಯ್ಯನ ಮುಖ ಕಪ್ಪಿಟ್ಟಿತು. ಹುಡುಗನಾಗಿದ್ದಾಗ ಅವನು ಮೊಟ್ಟೆ ಕದ್ದು ಆ ಡಬ್ಬಿಯಲ್ಲಿ ಹತ್ತಿ ಹಾಸಿ ಇಡುತ್ತಿದ್ದುದು ನಿಜ. "ಅದನ್ನ ಬಿಟ್ಟು ಎಷ್ಟು ಕಾಲ ಆಯ್ತು! ನನ್ನ ಮೇಲೇ ಅನುಮಾನಾನಾ?"

"ಜಾಗ ಗೊತ್ತಿದ್ದಿದ್ದು ನಮ್ಮ ಮೂವರಿಗೇ. ಮರಿ ಆಗೋಕೆ ಇನ್ನೂ ಎರಡು ವಾರ ಬೇಕು. ಮತ್ತೆ ಮೊಟ್ಟೆ ಎಲ್ಲಿ ಹೋಯ್ತು?"

ಗಂಗಾಧರಯ್ಯ ಬೈನಾಕ್ಯುಲರನ್ನು ಚೀಲಕ್ಕೆ ತುರುಕಿ ಸೈಕಲ್ ತಿರುಗಿಸಿದ. ಮೂವತ್ತು ವರ್ಷದ ಸ್ನೇಹ ಹೊರಟೇಬಿಟ್ಟಿತ್ತು.

"ಒಂದ್ನಿಮಿಷ ಇರಿ ಗಂಗಾಧರಯ್ಯ ಸಾರ್!" ಎಂದಳು ಚೂಡಾಮಣಿ. ಎಡಕ್ಕೆ ನಡೆದಳು— ಹಕ್ಕಿಗಳು ಸುಮ್ಮನಾದವು. ಬಲಕ್ಕೆ, ತುಂಬೆಗಿಡಗಳತ್ತ ಕಾಲಿಟ್ಟಳು— ಕಿವಿ ಹರಿಯುವ ಗಲಾಟೆ!

"ರಾಮಪ್ರಸಾದ್, ಮೊಟ್ಟೆ ಹೋದ ಮೇಲೂ ಇವು ಏನನ್ನ ಕಾಯ್ತಿವೆ?"

"ಅಂದ್ರೆ?"

"ಎರಡು ವಾರ ಅಂದ್ರಲ್ಲ, ಯಾವತ್ತಿಂದ ಲೆಕ್ಕ?"

"ಮೊದಲ ಸಲ ಮೊಟ್ಟೆ ನೋಡಿದ ದಿನದಿಂದ."

"ನೀವು ನೋಡಿದ ದಿನದಿಂದ! ಅದು ಇಟ್ಟಿದ್ದು ಯಾವತ್ತೋ! ಅಲ್ಲೇ ನೀವು ಎಡವಿದ್ದು. ಗೂಡಲ್ಲಿ ಬಾಯಿ ತೆರ್ಕೊಂಡು ಕೂರೋಕೆ ಇದೇನು ಗುಬ್ಬಚ್ಚಿ ಮರಿನಾ? ಮೈ ಒಣಗಿದ ಕೂಡ್ಲೇ ನಡೆಯುತ್ತೆ. ಚಿಪ್ಪನ್ನ ತಾಯಿಹಕ್ಕಿ ದೂರ ಒಯ್ದು ಹಾಕುತ್ತೆ. ಕಳ್ಳರು ಮೊಟ್ಟೆಯೊಳಗೇ ಇದ್ರು, ಸಾರ್!"

ಅವಳು ಬೆರಳು ತೋರಿಸಿದಲ್ಲಿ, ಕಲ್ಲೆಂದುಕೊಂಡದ್ದೊಂದು ಎದ್ದು ತುರುತುರು ಓಡಿತು.

ರಾಮಪ್ರಸಾದ ಗೆಳೆಯನ ಸೈಕಲ್ ಬಳಿ ಬಂದ. "ತಪ್ಪಾಯ್ತು ಕಣೋ, ಗಂಗಾ."

ಗಂಗಾಧರಯ್ಯ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ. ಆಮೇಲೆ ಚೀಲ ಬಿಚ್ಚಿ ಬೈನಾಕ್ಯುಲರ್ ಚಾಚಿದ.

"ನಾಲ್ಕೂ ಇದಾವಾ ನೋಡು."

"ಏನೂ ಕಾಣಿಸ್ತಿಲ್ಲ ಕಣೋ."

"ಮೊದ್ಲು ಕಣ್ಣೊರೆಸ್ಕೊ," ಎಂದ ಗಂಗಾಧರಯ್ಯ.