ನೀನು, ನಾನು, ನಡುವೆ ಒಂದು ಸ್ಪೇಸ್

ಅವಳ ಸ್ಕ್ರೀನ್ ಮೇಲೆ ಎರಡು ಹೊಸ ಫೋಲ್ಡರ್‌ಗಳು ಬಂದು ಕೂತಿದ್ದವು. ಒಂದು ‘ನಾನು’. ಅದರ ಕೆಳಗೆ ‘ನೀನು’.

ಬ್ಯಾಕಪ್ ಸ್ಕ್ರಿಪ್ಟ್ ಬರೆದವನು ಎದುರು ಮೇಜಿನವನು. ಅದು ಆಫೀಸಿನ ಎಲ್ಲ ಮೆಷಿನ್‌ಗಳಲ್ಲೂ ಒಂದೇ ಥರ ಓಡಬೇಕು. ಓಡಿಸಿ ನೋಡುವುದು ಅವಳ ಕೆಲಸ. ಪರೀಕ್ಷೆಗೆಂದು ಅವನೇ ಇಟ್ಟ ಹೆಸರುಗಳಿವು. ಇಷ್ಟು ಕಾಲ ಅವಳನ್ನು ‘ನೀವು’ ಬಿಟ್ಟು ಬೇರೇನೂ ಅನ್ನದವನು.

ಎದ್ದಳು, ನೀರು ಕುಡಿದಳು, ಮತ್ತೆ ಕೂತಳು. ಬೇರೆ ಊರಿನ ಬ್ರಾಂಚ್‌ಗೆ ಹೋಗುತ್ತಾಳೋ ಇಲ್ಲವೋ, ಸಂಜೆಯೊಳಗೆ ಮ್ಯಾನೇಜರ್‌ಗೆ ಹೇಳಬೇಕಿತ್ತು. ಬೆಳಿಗ್ಗೆ ಅಕ್ಕ ಫೋನಿನಲ್ಲಿ ಬೈದಿದ್ದಳು: “ಅವನು ಬಾಯಿ ಬಿಡಲ್ಲ, ನೀನು ಊರು ಬಿಡಲ್ಲ. ಇದೆಂಥ ಪ್ರೀತಿನೇ?”

ನೀನು ಬೇರೆ, ನಾನು ಬೇರೆ. ಅವಳು ಹೊರಡಬಹುದೆಂದು ಅವನಿಗೂ ಗೊತ್ತಿತ್ತು. ಇದೇ ಅವನ ಉತ್ತರವೋ?

“ಇಲ್ಲಿ ಬನ್ನಿ ಸ್ವಲ್ಪ. ಎರಡು ಫೋಲ್ಡರ್ ಯಾಕೆ?”

ಅವನು ಬಗ್ಗಿ ನೋಡಿದ. ಕಿವಿ ಕೆಂಪಾಯಿತು. “ಎರಡಾ? ನಾನು ಮಾಡಿದ್ದು ಒಂದೇ. ನನ್ನ ಮೆಷಿನ್‌ನಲ್ಲಿ ಒಂದೇ ಇದೆ.”

ಅವಳಿಗೆ ಥಟ್ಟನೆ ಹೊಳೆಯಿತು. ಹೆಸರು ‘ನೀನು ನಾನು’, ನಡುವೆ ಒಂದು ಸ್ಪೇಸ್. ಸ್ಕ್ರಿಪ್ಟನ್ನು ಓದಿ ನಡೆಸುವ ಶೆಲ್ ಅವನದು ಬೇರೆ; ಅದು ಹೆಸರನ್ನು ಒಡೆಯದೆ ಇಟ್ಟುಕೊಂಡಿತ್ತು. ಅವಳ ಹಳೇ ಶೆಲ್ ಸ್ಪೇಸ್ ಕಂಡಲ್ಲೇ ಕತ್ತರಿಸಿತ್ತು.

“ಹೆಸರು ತುಂಬಿರೋ ವೇರಿಯಬಲ್ ಸುತ್ತ ಕೋಟ್ಸ್ ಹಾಕಿಲ್ಲ ನೀವು. ಹಾಕಿದ್ರೆ ಎಲ್ಲಾ ಸೇರಿ ಒಂದೇ ಹೆಸರು ಅಂತ ಓದ್ತಿತ್ತು.”

“ನನ್ನ ಹತ್ರ ಹಾಕದೇನೇ ನಡೀತು.”

“ನಿಮ್ಮ ಹತ್ರ ನಡೆದ್ರೆ ಸಾಕಾ? ನನ್ನ ಕಡೆ ಬಂದು ಚೂರಾಗಿದೆ ನೋಡಿ.”

ಅವನ ಬೆರಳು ಕೀಬೋರ್ಡ್ ಕಡೆ ಬಂತು. ಅವಳು ತಡೆದಳು. “ಸಿಂಗಲ್ ಕೋಟ್ಸ್ ಬೇಡ. ಅದು ಹಾಕಿದ್ರೆ ವೇರಿಯಬಲ್ ಹೆಸರಷ್ಟೇ ಉಳಿಯುತ್ತೆ, ಒಳಗಿರೋದು ಹೊರಗೆ ಬರಲ್ಲ. ನಿಮ್ಮ ಹಾಗೆ.”

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. “ಕಳ್ಸೋ ಮೊದ್ಲು ಆ ಹೆಸರು ತೆಗೀಬೇಕಿತ್ತು. ಮರೆತೆ.”

“ಈಗ ತೆಗೀಲಾ?”

ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತ. “ಬೇಡ,” ಎಂದ. “ಡಬಲ್ ಹಾಕು.”

ಹಾಕಿ ಅಲ್ಲ. ಹಾಕು.

ಹಳೆಯವೆರಡನ್ನೂ ಅಳಿಸಿ, ಡಬಲ್ ಕೋಟ್ಸ್ ಹಾಕಿ ಮತ್ತೆ ಓಡಿಸಿದಳು. ಒಂದೇ ಫೋಲ್ಡರ್ ಬಂತು.

ಮ್ಯಾನೇಜರ್ ಬಾಗಿಲಿನಿಂದ ಇಣುಕಿದರು. “ಏನಮ್ಮಾ, ಏನು ಯೋಚ್ನೆ ಮಾಡಿದೆ?”

ಅವಳು ಅವನ ಮುಖ ನೋಡಿದಳು. ಈ ಸಲ ಅವನು ನೆಲ ನೋಡಲಿಲ್ಲ.

“ಹೋಗಲ್ಲ ಸರ್.”

ಆಮೇಲೆ ಅವನಿಗಷ್ಟೇ ಕೇಳುವ ಹಾಗೆ ಅಂದಳು, “ನಿನ್ನ ಸ್ಕ್ರಿಪ್ಟ್ ಇನ್ನೂ ನೆಟ್ಟಗಾಗಿಲ್ಲ.”