ತರಬೇತಿ ಕೋಣೆಯ ಬೆನ್ನುಮೂಳೆ

ಬೆಳಿಗ್ಗೆ ತರಬೇತಿ ಕೋಣೆಯ ಬಾಗಿಲು ತೆರೆದ ಟೆಕ್ನಿಶಿಯನ್ ರತನ್ ಅಲ್ಲೇ ಕೂಗಿಕೊಂಡ. ಪರೀಕ್ಷೆಗೆಂದು ತರಿಸಿಟ್ಟ ಪ್ಲಾಸ್ಟಿಕ್ ಬೆನ್ನುಮೂಳೆಯನ್ನು ಯಾರೋ ಕೊರೆದು ಹಾಳು ಮಾಡಿದ್ದರು. ಪಕ್ಕದಲ್ಲಿ ರೋಬೋಟ್ ಏನೂ ಅರಿಯದವರ ಹಾಗೆ ನಿಂತಿತ್ತು.

ಕುಂದಾಪುರದ ಆ ಆಸ್ಪತ್ರೆಯಲ್ಲಿ ರೋಬೋಟ್ ಸಹಾಯದಿಂದ ಬೆನ್ನಿಗೆ ಸ್ಕ್ರೂ ಹಾಕುವುದನ್ನು ಡಾಕ್ಟರುಗಳು ಇಂಥ ಮೂಳೆಯ ಮೇಲೇ ಕಲಿಯಬೇಕು. ಹಿಂದಿನ ಸಂಜೆ ಕೊನೆಗೆ ಅಲ್ಲಿದ್ದವಳು ಡಾ. ವಿನಯಾ. ಕದ್ದು ಅಭ್ಯಾಸ ಮಾಡಿದ್ದು ಅವಳೇ ಎಂದು ಆಡಳಿತದವರು ತೀರ್ಮಾನಿಸಿಯೇ ಬಿಟ್ಟರು. ನಿಜ ಹೊರಬೀಳದಿದ್ದರೆ ಅವಳು ತರಬೇತಿಯಿಂದ ಹೊರಗೆ.

ಆಸ್ಪತ್ರೆಯ ದೂರಿನ ಮೇಲೆ ಠಾಣೆಯಿಂದ ಎಸ್‌ಐ ಶ್ರೀಲತಾ ಬಂದಳು.

"ನೀವ್ ಮಾಡಿದ್ದಾ?"

"ಇಲ್ಲೆ ಮೇಡಂ. ಬೀಗ ಹಾಕಿ ಕೀಲಿ ರತನಿಗೆ ಕೊಟ್ಟಿದ್ದೆ," ಎಂದಳು ವಿನಯಾ.

ರತನ್ ಬೆವರಿದ. "ನಾನ್ ಕೀಲಿ ಡಾಕ್ಟ್ರ ಕೋಣಿಯಗೆ ತೂಗಿಟ್ಟ್ ಬೈಂದೂರಿಗೆ ಮದಿಗ್ ಹ್ವಾದೆ. ಬೆಳಿಗ್ಗೆ ಅಲ್ಲಿಂದ್ಲೇ ಬಂದದ್ದ್. ವಿಡಿಯೋ ಕಾಣಿ!"

ಮದುವೆಯ ವಿಡಿಯೋದಲ್ಲಿ ಅವನು ಬಾಳೆಲೆ ಬಿಟ್ಟು ಏಳುವ ಲಕ್ಷಣವೇ ಇರಲಿಲ್ಲ. ಹೊಟ್ಟೆಬಾಕ ಹೌದು, ಅಪರಾಧಿ ಅಲ್ಲ.

* * *

ಶ್ರೀಲತಾ ಮೂಳೆಯನ್ನು ಬೆಳಕಿಗೆ ಹಿಡಿದಳು. "ರೋಬೋಟ್ ಎಂತ ಮಾಡತ್ತ್?"

"ಡ್ರಿಲ್ ಹೋಪ ದಿಕ್ಕ್ ಹಿಡ್ಕಂತ್. ಕೊರೂದ್ ನಾವೇ," ವಿನಯಾ ಹೇಳಿದಳು. "ಆದ್ರೆ ಒತ್ತುಕಾಗ. ಒತ್ರೆ ಮೊನೆ ಜಾರತ್ತ್."

ತೂತುಗಳೆಲ್ಲ ಎಡಬದಿಯಲ್ಲಿದ್ದವು, ಎಲ್ಲವೂ ಜಾರಿದ್ದವು. ಪ್ರತಿ ತೂತಿನ ಬಾಯಲ್ಲೂ ದಬ್ಬಳದಿಂದ ತೋಡಿದಂಥ ಕುಳಿ.

"ಇದೆಂತ?"

"ಕೈಯಗೇ ಆಪರೇಷನ್ ಮಾಡೂವರ ಹಳೇ ಕ್ರಮ. ನಾವ್ ಇಲ್ಲಿ ಕಲಿವವ್ರ್ ಹಾಂಗ್ ಮಾಡುದಿಲ್ಲೆ."

ಶ್ರೀಲತಾಳ ಕೈ ತಡೆಯಿತು. ಗಂಗೊಳ್ಳಿಯಲ್ಲಿ ದೋಣಿಯಿಂದ ಬಿದ್ದ ಅಪ್ಪನ ಬೆನ್ನು ನೆಟ್ಟಗೆ ಮಾಡಿದವರು ಇದೇ ಆಸ್ಪತ್ರೆಯ ಹಿರಿಯ ಸರ್ಜನ್ ಡಾ. ಯತೀಶ್. ಆಗ ಅವರ ಬಳಿ ಇದ್ದದ್ದು ಒಂದು ಎಕ್ಸ್‌ರೇ, ಹತ್ತು ಬೆರಳು. "ಬೆನ್ನ್ ಕಣ್ಣಗ್ ಕಾಂಬುದಲ್ಲ ಹೆಣೆ, ಬೆರಳಗ್ ಕಾಂಬುದ್," ಎಂದು ಪುಟ್ಟ ಹುಡುಗಿಯಾಗಿದ್ದ ಅವಳ ತಲೆ ಸವರಿದ್ದರು. ಅಪ್ಪ ಮತ್ತೆ ಬಲೆ ಎಳೆದ. ಎಂಥ ಕಾಲವಪ್ಪಾ ಅದು! ಅವಳು ಮೂಳೆಯನ್ನು ಮೆಲ್ಲಗೆ ಕೆಳಗಿಟ್ಟಳು.

* * *

ಎಲ್ಲರನ್ನೂ ತರಬೇತಿ ಕೋಣೆಗೆ ಕರೆಸಿದಳು.

"ಕೀಲಿ ಇದ್ದದ್ದ್ ಡಾಕ್ಟ್ರ ಕೋಣಿಯಗೆ. ಕುಳಿ ತೋಡಿದ್ದ್ ಹಳೇ ಕೈ. ಒತ್ತಿದ್ದೂ ಅದೇ ಕೈ. ಇಲ್ಲಿ ಅಂಥವ್ರ್ ಒಬ್ರೇ. ಅಲ್ದಾ ಡಾಕ್ಟ್ರೇ?"

ಹುಟ್ಟುಗುಣ ಸುಟ್ಟರೂ ಹೋಗದಂತೆ. ಕೈಗೆ ಹತ್ತಿದ್ದೂ ಅಷ್ಟೆ. ಯತೀಶ್ ತಲೆತಗ್ಗಿಸಿದರು.

"ಹೌದ್ ಮಗಾ. ಶಿಷ್ಯರ ಎದ್ರ್ ತಪ್ಪುಕೆ ನಾಚ್ಕಿ ಆಯ್ತ್. ಬೆಳಿಗ್ಗೆ ಬೇಗ ಬಂದ್ ಒಬ್ನೇ ಕಲಿವ ಅಂದ್ಕಂಡೆ. ಹೆಬ್ಬೆಟ್ಟ್ ಮಾತ್ ಕೇಳ್ಳಿಲ್ಲೆ."

"ಮೂಳೆ ಹಾಳಾದ್ದ್ ದೊಡ್ಡದಲ್ಲ. ಈ ಹುಡ್ಗಿ ಹೆಸ್ರ್ ಬಂದಾಗ್ಳೂ ಸುಮ್ನೆ ಕೂತ್ರಿ ಅಲ್ದಾ, ಅದೇ ತಪ್ಪ್," ಎಂದಳು ಶ್ರೀಲತಾ.

ಯತೀಶ್ ಎದ್ದು ಎಲ್ಲರೆದುರು ವಿನಯಾಗೆ ಕೈಮುಗಿದರು.

ವಿನಯಾ ಕಣ್ಣೊರೆಸಿಕೊಂಡು ಆ ಮೂಳೆಯನ್ನು ತಿರುಗಿಸಿ ರೋಬೋಟಿನ ಕೆಳಗಿಟ್ಟಳು.

"ಬಲಬದಿ ಇನ್ನೂ ಖಾಲಿ ಇತ್ತ್ ಸರ್. ಬನ್ನಿ, ಕಲಿವ."