ಓದದೆ ಅಳಿಸಬೇಡಿ

ಜೆ.ಸಿ. ರಸ್ತೆಯಲ್ಲಿ ಕಾರಿನ ಕಾಯಿಲೆ ಓದುವ ದೊಡ್ಡ ಸ್ಕ್ಯಾನರ್‌ಗೆ ಒಂದು ಲಕ್ಷದ ಹತ್ತು ಸಾವಿರ. ಅದರ ಚಿಕ್ಕ ತಮ್ಮನಂಥದ್ದಕ್ಕೆ ಮೂವತ್ತೆಂಟು ಸಾವಿರ. ಎಸ್.ಪಿ. ರಸ್ತೆಯಲ್ಲಾದರೆ ಕಾರಿಗೂ ಲ್ಯಾಪ್‌ಟಾಪಿಗೂ ನಡುವೆ ಸಿಕ್ಕಿಸುವ ಅಡಾಪ್ಟರ್ ಕೇಬಲ್‌ಗೆ ಎರಡು ಸಾವಿರದ ನಾನೂರು. ವೈರೇ ಇಲ್ಲದ ಪುಟ್ಟ ನೀಲಿ ಅಡಾಪ್ಟರ್‌ಗೆ ಸಾವಿರದ ಆರುನೂರು.

ಪ್ರೇಮಲತಾಳ ಪರ್ಸಿನಲ್ಲಿದ್ದದ್ದು ಎರಡೂವರೆ ಸಾವಿರ.

"ಆ ನೀಲಿದು ಕೊಡಿ," ಎಂದಳು.

ಕೌಂಟರಿನ ಹಿಂದಿದ್ದ ಯುವಕ ಒಮ್ಮೆ ಅವಳನ್ನು, ಒಮ್ಮೆ ಗಾಜಿನೊಳಗಿನ ಡಬ್ಬಿಯನ್ನು ನೋಡಿದ.

"ಅದು ಬೇಡ ಮೇಡಂ."

"ಯಾಕೆ? ಮಾರೋಕೆ ತಾನೇ ಇಟ್ಟಿರೋದು?"

"ಮಾರೋಕೇ. ಆದ್ರೆ ನಿಮಗೆ ಬೇಡ."

ಪ್ರೇಮಲತಾಳಿಗೆ ಸರ್ರನೆ ಸಿಟ್ಟು ಬಂತು. 'ಹುಡುಗಿ, ಏನೂ ಗೊತ್ತಿಲ್ಲ, ಜಾಸ್ತಿ ರೇಟಿನದು ತಲೆಗೆ ಕಟ್ಟೋಣ ಅಂತ ತಾನೇ...'

"ನೋಡ್ರೀ, ನಾನು ಗ್ಯಾರೇಜಲ್ಲೇ ಬೆಳೆದೋಳು. ನಂಗೆ ಟೋಪಿ ಹಾಕಕ್ಕಾಗಲ್ಲ!"

"ಗೊತ್ತಾಯ್ತು. ಉಗುರಲ್ಲಿ ಗ್ರೀಸ್ ಇದೆ."

ಅವಳು ತಟ್ಟನೆ ಬೆರಳು ಮಡಚಿಕೊಂಡಳು. ಅವನು ನಗಲಿಲ್ಲ. ಡಬ್ಬಿಯನ್ನು ಹೊರಗೆ ತೆಗೆದು ಕೌಂಟರಿನ ಮೇಲಿಟ್ಟ.

"ಇದ್ರಲ್ಲಿ ಹತ್ತಕ್ಕೆ ನಾಲ್ಕು ವಾಪಸ್ ಬರ್ತಿವೆ. ಓದ್ತಾ ಓದ್ತಾ ಸಿಗ್ನಲ್ ಕಟ್ ಆಗುತ್ತೆ. ಮನೆ ಕಾರಿಗೆ ಅಂದಿದ್ರೆ ಕೊಡ್ತಿದ್ದೆ. ಗ್ಯಾರೇಜಿಗೆ ವೈರಿರೋದೇ ಸರಿ. ಸಾಫ್ಟ್‌ವೇರಿಗೆ ಈಗಲೇ ದುಡ್ಡು ಹಾಕ್ಬೇಡಿ. ಟ್ರಯಲ್ ಸಿ.ಡಿ. ಕೊಡ್ತೀನಿ, ಒಂದು ತಿಂಗಳು ನಡೆಯುತ್ತೆ. ನಿಮ್ಮ ಕಡೆ ಬರೋ ಗಾಡಿಗಳನ್ನ ಓದುತ್ತಾ ನೋಡಿ, ಆಮೇಲೆ ಕೊಳ್ಳಿ. ಫುಟ್‌ಪಾತಲ್ಲಿ ನೂರು ರೂಪಾಯಿಗೆ ಸಿಗೋ ಸಿ.ಡಿ. ಮಾತ್ರ ಮುಟ್ಟಬೇಡಿ, ವೈರಸ್ ಬಂದು ಲ್ಯಾಪ್‌ಟಾಪೇ ಹೋಗುತ್ತೆ."

ಪ್ರೇಮಲತಾ ನೀಲಿ ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳು. ಇಡೀ ಎಸ್.ಪಿ. ರಸ್ತೆಯಲ್ಲಿ 'ಕೊಳ್ಳಬೇಡಿ' ಎಂದವನು ಇವನೊಬ್ಬನೇ!

"ಯಾವ ಗ್ಯಾರೇಜು?"

"ಚಾಮರಾಜಪೇಟೆ, ಐದನೇ ಮೇನ್. ಅಣ್ಣಯ್ಯಪ್ಪ ಅಂತ... ನಮ್ಮಪ್ಪ."

ಅವನ ಮುಖ ಅರಳಿತು. "ಸ್ಕ್ರೂಡ್ರೈವರ್ ಅಣ್ಣಯ್ಯಪ್ಪನೋರಾ! ನಮ್ಮಪ್ಪ ತರಕಾರಿ ತರ್ತಿದ್ದ ಟೆಂಪೋನ ಅವರೇ ನೋಡ್ತಿದ್ದಿದ್ದು. ಎಂಜಿನ್ ಮೇಲೆ ಸ್ಕ್ರೂಡ್ರೈವರ್ ತುದಿ ಇಟ್ಟು, ಹಿಡೀನ ಕಿವಿಗೆ ಒತ್ಕೊಂಡು ಕೇಳೋರು. ಇಂಥ ಕಡೆ ಸವೆದಿದೆ ಅಂದ್ರೆ ಅಲ್ಲೇ ಸವೆದಿರೋದು! ಅಂಥವ್ರಿಗೆ ಈ ಕೇಬಲ್ ಯಾಕೆ ಬೇಕು?"

ಅಷ್ಟೇ. ಅವಳ ಕಣ್ಣು ತುಂಬಿ ಬಂತು. ಮೂರು ತಿಂಗಳಿಂದ ಯಾರಿಗೂ ಹೇಳದ ಮಾತು ಗುರುತಿಲ್ಲದವನ ಮುಂದೆ ಹೊರಬಿತ್ತು.

"ಅಪ್ಪಂಗೆ... ಕಿವಿ ಕೇಳಿಸ್ತಿಲ್ಲ. ಹತ್ರ ಹೋಗಿ ಜೋರಾಗಿ ಹೇಳಿದ್ರೆ ಅಷ್ಟೋ ಇಷ್ಟೋ. ಎಂಜಿನ್ ಶಬ್ದ ಹಿಡಿಯೋಕೆ ಆಗ್ತಿಲ್ಲ. ಗಿರಾಕಿಗಳಿಗೆ ಗೊತ್ತಾದ್ರೆ ಒಬ್ರೂ ಗಾಡಿ ಬಿಡಲ್ಲ. ಗ್ಯಾರೇಜ್ ಮುಚ್ಚಿದ್ರೆ ಅಪ್ಪ ಎಷ್ಟು ದಿನ ಇರ್ತಾರೆ ಹೇಳಿ... ದಯವಿಟ್ಟು ಯಾರಿಗೂ ಹೇಳ್ಬೇಡಿ!"

"ಹೇಳಲ್ಲ," ಎಂದ ಅವನು. ಕೇಬಲ್ ಕಟ್ಟಿಕೊಟ್ಟು, ಚಿಲ್ಲರೆ ನೂರು ರೂಪಾಯಿ ಮೇಲಿಟ್ಟ. "ನನ್ನ ಹೆಸರು ಶಿವಶಂಕರ್. ಭಾನುವಾರ ಅಂಗಡಿ ರಜ. ಬಂದು ಹಾಕಿಕೊಟ್ಟು ಹೋಗ್ತೀನಿ."

ಅದು ಎರಡು ಸಾವಿರದ ಎಂಟನೆಯ ಇಸವಿ. ಕಂಪ್ಯೂಟರ್ ಇರುವ ಕಾರುಗಳು ಗ್ಯಾರೇಜಿಗೆ ಬರತೊಡಗಿದ್ದವು. ಸ್ಟೀರಿಂಗ್ ಮುಂದೆ ಎಂಜಿನ್ ತೊಂದರೆಯ ಹಳದಿ ದೀಪ ಹತ್ತಿಕೊಂಡರೆ ಮಾಲೀಕರು ನೇರ ದೊಡ್ಡ ಸರ್ವಿಸ್ ಸೆಂಟರಿಗೆ ಓಡುತ್ತಿದ್ದರು.

ಭಾನುವಾರ ಹೇಳಿದ ಹೊತ್ತಿಗೆ ಶಿವಶಂಕರ್ ಬಂದ. ರಿಪೇರಿಗೆ ನಿಂತಿದ್ದ ಕಾರೊಂದರ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿದ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಿಣುಕಿ ತಿಣುಕಿ ಎದ್ದಿತು. ಆದರೆ ಪರದೆಯ ಮೇಲೆ 'ಸಂಪರ್ಕ ಇಲ್ಲ'!

ಪ್ರೇಮಲತಾ ಕೇಬಲ್ಲಿನ ತುದಿಯನ್ನು ಒತ್ತಿ ನೋಡಿದಳು. 'ಎರಡು ಸಾವಿರದ ನಾನೂರು ನೀರಿಗೆ ಬಿತ್ತು!'

"ಕೀ ಇನ್ನೊಂದು ಸುತ್ತು ತಿರುಗಿಸಿ," ಎಂದ ಅವನು ಮೆಲ್ಲಗೆ. "ಗಾಡಿ ಎಚ್ಚರ ಆಗ್ದೆ ಹೇಗೆ ಮಾತಾಡುತ್ತೆ?"

ತಿರುಗಿಸಿದಳು. ಪರದೆ ತುಂಬ ಅಂಕಿಗಳು! ಅವಳಿಗೆ ಕುಣಿಯುವಷ್ಟು ಖುಷಿ.

ದೂರದಲ್ಲಿ ಟೈರಿನ ಮೇಲೆ ಕುಳಿತಿದ್ದ ಅಣ್ಣಯ್ಯಪ್ಪ ಮೂಗು ಮುರಿದರು. "ಏನಪ್ಪಾ ಕೇಬಲ್ ಹುಡ್ಗಾ, ನಿನ್ನ ಡಬ್ಬಕ್ಕೆ ಸುಟ್ಟ ಆಯಿಲ್ ವಾಸನೆ ಗೊತ್ತಾಗುತ್ತಾ?"

ಶಿವಶಂಕರ್ ಅವರ ಹತ್ತಿರ ಹೋಗಿ, ಬಗ್ಗಿ, ಸ್ಪಷ್ಟವಾಗಿ ಹೇಳಿದ. "ಇಲ್ಲ ಅಣ್ಣಾ. ಅದಕ್ಕೆ ನೀವೇ ಬೇಕು."

ಮುದುಕರ ತುಟಿಯಂಚಿನಲ್ಲಿ ನಗು ಸುಳಿಯಿತು.

ಪ್ರೇಮಲತಾ ದೀಪ ಆರಿಸುವ ಉತ್ಸಾಹದಲ್ಲಿ 'ಕ್ಲಿಯರ್' ಗುಂಡಿಯ ಮೇಲೆ ಬೆರಳಿಡಲು ಹೋದಳು. ಅವನ ಕೈ ಫಕ್ಕನೆ ಅವಳ ಕೈ ಹಿಡಿಯಿತು.

"ಓದದೆ ಅಳಿಸ್ಬೇಡಿ!"

ಇಬ್ಬರೂ ಕೈ ನೋಡಿದರು. ಅವನು ಬಿಟ್ಟ... ಸ್ವಲ್ಪ ತಡವಾಗಿ.

"ತೊಂದರೆ ಆದಾಗ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಸ್ಪೀಡಲ್ಲಿತ್ತು, ಎಲ್ಲಾ ಅದು ಬರೆದಿಟ್ಟಿರುತ್ತೆ. ಅಳಿಸಿಬಿಟ್ರೆ ದೀಪ ಆರುತ್ತೆ, ಕಾಯಿಲೆ ಹಾಗೇ ಇರುತ್ತೆ. ಏನಾಗಿತ್ತು ಅಂತ ಹೇಳೋರು ಮಾತ್ರ ಯಾರೂ ಇರಲ್ಲ."

ಆಮೇಲೆ ಮೂರು ಭಾನುವಾರ ಬಂದ. ಬಂದಾಗಲೆಲ್ಲ ಒಂದು ಹೊಸ ಪಾಠ, ಎರಡು ಲೋಟ ಕಾಫಿ. ಶನಿವಾರ ಸಂಜೆಯೇ ಅವಳು ಉಗುರು ಉಜ್ಜಿ ತೊಳೆದುಕೊಳ್ಳುತ್ತಿದ್ದಳು. 'ಗ್ರೀಸ್ ಇದ್ರೆ ಅವರಿಗೇನು, ಇಲ್ದಿದ್ರೆ ಅವರಿಗೇನು!' ಎಂದು ತನ್ನನ್ನೇ ಗದರಿಕೊಂಡು ಮತ್ತೆ ತೊಳೆಯುತ್ತಿದ್ದಳು.

ನಾಲ್ಕನೆಯ ವಾರ, ಬುಧವಾರ ಬೆಳಗ್ಗೆ ಬದರೀನಾರಾಯಣ ಬಂದರು. ಬಸವನಗುಡಿಯ ರಿಟೈರ್ಡ್ ಮೇಷ್ಟ್ರು, ಇಪ್ಪತ್ತು ವರ್ಷದ ಗಿರಾಕಿ. ಕಾರಿನಿಂದ ಇಳಿದವರೇ ಅಣ್ಣಯ್ಯಪ್ಪನ ಕಿವಿಯ ಹತ್ತಿರ ಬಾಯಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿದರು.

"ಏನಯ್ಯಾ ಅಣ್ಣಯ್ಯಪ್ಪಾ! ಕಿವಿ ಪೂರ್ತಿ ಹೋಯ್ತಾ? ಇನ್ನೂ ಸ್ವಲ್ಪ ಇದ್ಯಾ?"

ಪ್ರೇಮಲತಾಳ ಕೈಯಿಂದ ಸ್ಪ್ಯಾನರ್ ಜಾರಿತು.

'ನಂಗೆ ಬಿಟ್ರೆ ಗೊತ್ತಿದ್ದಿದ್ದು ಒಬ್ಬರಿಗೇ. ಒಬ್ಬರಿಗೇ...!'

ಹಿಂದಿನ ಕೋಣೆಗೆ ಹೋಗಿ ಫೋನ್ ಮಾಡಿದಳು. "ಹೇಳಲ್ಲ ಅಂದಿದ್ರಿ. ನಂಬಿದ್ದೆ. ಇನ್ಮೇಲೆ ಗ್ಯಾರೇಜ್ ಕಡೆ ಬರ್ಬೇಡಿ."

"ರೀ... ಏನಾಯ್ತು? ನಾನು ಯಾರಿಗೂ..."

ಕಟ್ ಮಾಡಿದಳು. ಐದು ನಿಮಿಷಕ್ಕೆ ಮೊಬೈಲ್ ಟಿಣ್ ಎಂದಿತು. ಅವನ ಮೆಸೇಜ್. ತೆರೆಯದೆ ಅಳಿಸಿದಳು. ಸಂಜೆ ಇನ್ನೊಂದು. ಅಳಿಸಿದಳು. ಶನಿವಾರದ ಹೊತ್ತಿಗೆ ಹತ್ತು ಮೆಸೇಜ್. ಹತ್ತನ್ನೂ ಅಳಿಸಿದಳು. ಆ ಸಂಜೆ ಉಗುರು ತೊಳೆಯಲಿಲ್ಲ.

ಭಾನುವಾರ ಯಾರೂ ಬರಲಿಲ್ಲ.

ಸೋಮವಾರ ಮೇಷ್ಟ್ರ ಕಾರಿನ ಸರದಿ. ದೀಪ ಹತ್ತಿ ತಿಂಗಳಾಗಿತ್ತು. ಬೇರೆಲ್ಲೋ ಐದು ಸಾವಿರ ಕೊಟ್ಟು ಸೆನ್ಸರ್ ಬದಲಾಯಿಸಿದ್ದರು. ದೀಪ ಮತ್ತೆ ಹತ್ತಿತ್ತು. ಪರದೆಯ ಮೇಲೆ ಬಂದ ದೋಷದ ಕೋಡ್ ಹೇಳುತ್ತಿದ್ದದ್ದು ಇಷ್ಟೇ, ಎಂಜಿನ್ನಿಗೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಯಾಕೆ ಎಂದು ಹೇಳುತ್ತಿರಲಿಲ್ಲ.

ಪ್ರೇಮಲತಾ ತಲೆ ಮೇಲೆ ಕೈಹೊತ್ತು ಕೂತಳು. ಅಣ್ಣಯ್ಯಪ್ಪ ಎದ್ದು ಬಂದರು. ಎಂಜಿನ್ ಓಡುತ್ತಿತ್ತು. ಸ್ಕ್ರೂಡ್ರೈವರ್ ತೆಗೆದುಕೊಳ್ಳಲಿಲ್ಲ. ಬೆರಳನ್ನು ನೀರಿನಲ್ಲಿ ಅದ್ದಿ, ರಬ್ಬರ್ ಪೈಪುಗಳ ಉದ್ದಕ್ಕೂ ನಿಧಾನವಾಗಿ ಸವರುತ್ತ ಹೋದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಗಾಳಿ ಎಳೀತಿದೆ ಕಣಮ್ಮಾ. ತಣ್ಣಗೆ."

ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು. ಅವರು ಬೆರಳಿಂದ ಅದನ್ನು ಮುಚ್ಚಿದರು. ಲ್ಯಾಪ್‌ಟಾಪಿನಲ್ಲಿ ಇಪ್ಪತ್ನಾಲ್ಕರಲ್ಲಿದ್ದ ಹೆಚ್ಚುವರಿ ಪೆಟ್ರೋಲಿನ ಅಂಕಿ ಇಪ್ಪತ್ತಕ್ಕೆ ಇಳಿಯಿತು... ಹದಿನೈದು... ಒಂಬತ್ತು... ನಾಲ್ಕು!

"ಅಪ್ಪಾ! ಇಳೀತಿದೆ! ಅದೇ!"

ಅವರಿಗೆ ಅವಳ ಕೂಗು ಕೇಳಿಸಲಿಲ್ಲ. ಮುಖ ನೋಡಿ ತಿಳಿದುಕೊಂಡರು. ನಕ್ಕರು.

"ಎಲ್ಲಮ್ಮಾ ಕೇಬಲ್ ಹುಡ್ಗ? ಅವನೂ ನೋಡ್ಬೇಕಿತ್ತು."

ಅವಳು ಹತ್ತಿರ ಬಂದು ಜೋರಾಗಿ ಹೇಳಿದಳು. "ಅವರನ್ನ ಬರ್ಬೇಡಿ ಅಂದೆ ಅಪ್ಪಾ. ನಿನ್ನ ಕಿವಿ ವಿಷ್ಯ ಮೇಷ್ಟ್ರಿಗೆ ಹೇಳ್ಬಿಟ್ರು."

ಅಣ್ಣಯ್ಯಪ್ಪ ಮಗಳನ್ನೇ ದಿಟ್ಟಿಸಿದರು.

"ಅವನಲ್ಲಮ್ಮ. ನಾನೇ ಹೇಳ್ದೆ."

"ಅಪ್ಪಾ...!"

"ಹೋದ್ಸಲ ಅವರ ಗಾಡಿಗೆ ಬೇರಿಂಗ್ ಹೋಗಿದೆ ಅಂದೆ. ಹೋಗಿರ್ಲಿಲ್ಲ. ಸುಮ್ನೆ ಖರ್ಚು ಮಾಡಿಸ್ದೆ. ಮನಸ್ಸು ತಡೀಲಿಲ್ಲ. ಮನೆಗೆ ಹೋಗಿ ಹೇಳ್ದೆ, ಮೇಷ್ಟ್ರೇ ನಂಗೆ ಕಿವಿ ಕೇಳಲ್ಲ, ಮಾತಾಡೋದಿದ್ರೆ ಜೋರಾಗಿ ಮಾತಾಡಿ, ಗಾಡಿ ನೋಡೋಕೆ ನನ್ನ ಮಗಳಿದಾಳೆ ಅಂತ. ಅದಕ್ಕೇ ಗಾಡಿ ತಂದಿದ್ದು ಅವರು." ಸ್ವಲ್ಪ ತಡೆದು ಅಂದರು, "ಆ ಹುಡ್ಗನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಅವಳು ಆಟೋ ಹತ್ತಿದಾಗ ಕೈ ಒರೆಸಿಕೊಳ್ಳುವುದನ್ನೂ ಮರೆತಿದ್ದಳು.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತ.

"ಕೇಬಲ್ ವಾಪಸ್ ಕೊಡೋಕೆ ಬಂದ್ರಾ?"

"ಇಲ್ಲ. ಆ ಮೆಸೇಜ್‌ಗಳಲ್ಲಿ ಏನಿತ್ತು ಅಂತ ಕೇಳೋಕೆ."

"ಓದ್ಲಿಲ್ವಾ?"

"ಅಳಿಸ್ಬಿಟ್ಟೆ." ಅವಳು ತಲೆ ತಗ್ಗಿಸಿದಳು. "ಹತ್ತೂ... ಓದದೆ."

ಅವನು ಕೌಂಟರಿನಿಂದ ಈಚೆ ಬಂದ.

"ಮೊದಲ ನಾಲ್ಕರಲ್ಲಿ, ನಾನು ಹೇಳಿಲ್ಲ ಅಂತಿತ್ತು. ಆಮೇಲಿನವು... ಟ್ರಯಲ್ ಮುಗೀತಿದೆ, ದುಬಾರಿ ಸಾಫ್ಟ್‌ವೇರ್ ತಗೋಬೇಡಿ, ಒಂಬೈನೂರಕ್ಕೆ ಸಿಗೋದೇ ನಿಮಗೆ ಸಾಕು ಅಂತ. ಹತ್ತನೇದು, ಅಪ್ಪಂಗೆ ಕಿವಿ ಪರೀಕ್ಷೆ ಎಲ್ಲಿ ಮಾಡಿಸ್ಬೋದು ಅನ್ನೋ ಅಡ್ರೆಸ್."

ತಾನು ಬೈದು ದೂರ ಇಟ್ಟ ಮೇಲೂ ಇವನು ತನ್ನ ಖರ್ಚು ಉಳಿಸುವುದನ್ನೇ ಯೋಚಿಸುತ್ತಿದ್ದ! ಪ್ರೇಮಲತಾಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಂಡಳು, ಕೆನ್ನೆಗೆಲ್ಲ ಗ್ರೀಸ್ ಆಯಿತು.

"ತಪ್ಪಾಯ್ತು. ಒಂದು ಮಾತು ಕೇಳ್ಬೇಕಿತ್ತು."

"ಹನ್ನೊಂದನೇದೂ ಒಂದಿದೆ," ಎಂದ ಅವನು. "ಬರೆದಿದ್ದೆ. ಕಳಿಸೋಕೆ ಧೈರ್ಯ ಬರ್ಲಿಲ್ಲ."

ಮೊಬೈಲ್ ತೆಗೆದು ಗುಂಡಿ ಒತ್ತಿದ. ಅವಳ ಕೈಚೀಲದಲ್ಲಿ ಟಿಣ್ ಎಂದಿತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಅಕ್ಷರ ಅಕ್ಷರ ಕೂಡಿಸಿ ಓದಿದಳು.

'ನಿಮಗೆ ಹೇಳಿಕೊಡೋದೆಲ್ಲ ಎರಡನೇ ಭಾನುವಾರಾನೇ ಮುಗಿದಿತ್ತು. ಆಮೇಲೆ ಬಂದಿದ್ದು ನಿಮ್ಮನ್ನ ನೋಡೋಕೆ.'

ಮತ್ತೊಮ್ಮೆ ಓದಿದಳು.

"ಅಳಿಸ್ತೀರಾ?" ಅವನ ಧ್ವನಿಯಲ್ಲಿ ಅಳುಕು.

"ಓದಿ ಆಯ್ತು. ಇನ್ನು ಅಳಿಸಲ್ಲ." ತಲೆ ಎತ್ತಿ, ಮೊದಲ ಬಾರಿ ಬಹುವಚನ ಬಿಟ್ಟಳು. "ಭಾನುವಾರ ಬಾ. ಏನೂ ಹೇಳಿಕೊಡ್ಬೇಡ. ಸುಮ್ನೆ ಬಾ."

"ಕೆನ್ನೇಲಿ ಗ್ರೀಸ್ ಇದೆ ಪ್ರೇಮಾ."

"ಇರ್ಲಿ ಬಿಡು!"

ಅಣ್ಣಯ್ಯಪ್ಪನ ಕಿವಿ ಮತ್ತೆ ಬರಲಿಲ್ಲ. ಡಾಕ್ಟರು ಕೊಟ್ಟ ಮೆಷಿನ್ ಮಾತಿಗಾಯಿತೇ ಹೊರತು ಎಂಜಿನ್ನಿಗೆ ಆಗಲಿಲ್ಲ. ವಿಷಯ ತಿಳಿದು ಇಬ್ಬರು ಹಳೆಯ ಗಿರಾಕಿಗಳು ಬಿಟ್ಟುಹೋದರು. ಮೇಷ್ಟ್ರ ಮಾತು ಕೇಳಿ ಐವರು ಹೊಸಬರು ಬಂದರು. ಹತ್ತು ಮೆಸೇಜ್ ಹೋದವು, ಹನ್ನೊಂದನೆಯದು ಉಳಿಯಿತು.